ಬ್ಯಾಟರಿ ಬದಲಿಸಿದ ಮೇಲೆ ಸಿಪಿಎಸ್-2 (ಕ್ಯಾಪ್ಕಾಮ್ ಕಂಪನಿಯ ಆರ್ಕೇಡ್ ಗೇಮ್) ಬೋರ್ಡ್ ಏಳುತ್ತಿಲ್ಲ

ಪ್ರಶ್ನೆ: ಹಳೇ ಬ್ಯಾಟರಿ ಸೋರುವ ಮುಂಚೆಯೇ ತೆಗೆದು ಹೊಸ 3.6 ವೋಲ್ಟಿನ ಲಿಥಿಯಂ ಬ್ಯಾಟರಿ ಬೆಸುಗೆ ಹಾಕಿದೆ. ಈಗ ಆನ್ ಮಾಡಿದರೆ ಪರದೆ ತುಂಬಾ ಒಂದೇ ಬಣ್ಣ, ಸದ್ದೂ ಇಲ್ಲ. ರಾಮ್ (ಮೆಮೊರಿ) ಚಿಪ್‌ಗಳು ಹೋಗಿವೆಯಾ? ಈ ಗೇಮ್ ಉಳಿಸಿಕೊಳ್ಳಲೇಬೇಕು.

ಉತ್ತರ 1: ಒಂದೇ ಬಣ್ಣ ಅಂದ್ರೆ ಬಹುಶಃ ಕೀ ಅಳಿಸಿಹೋಗಿದೆ. ಗೇಮಿನ ಪ್ರೋಗ್ರಾಂ ರೋಮ್‌ನಲ್ಲಿ (ಕರೆಂಟ್ ಇಲ್ಲದಿದ್ದರೂ ಅಳಿಯದ ಮೆಮೊರಿ ಚಿಪ್) ಗೂಢಲಿಪಿಯಾಗಿರುತ್ತದೆ, ಅದನ್ನು ಬಿಡಿಸುವ ಕೀಯನ್ನು ಬ್ಯಾಟರಿಯೇ ಜೀವಂತ ಇಡುತ್ತದೆ. ಬ್ಯಾಟರಿಯ ಕರೆಂಟ್ ತಪ್ಪಿದರೆ ಕೀ ಹೋಯಿತು, ಹೊಸ ಬ್ಯಾಟರಿ ಅದನ್ನು ವಾಪಸ್ ತರಲ್ಲ. ಚಿಪ್‌ಗಳು ಚೆನ್ನಾಗೇ ಇರಬಹುದು, ಸುಮ್ನೆ ಬದಲಿಸಬೇಡಿ.

ಉತ್ತರ 2: ಮೊದಲು 5 ವೋಲ್ಟ್ ಸರಿಯಾಗಿದೆಯಾ ಅಂತ ಬೋರ್ಡಿನ ಮೇಲೇ ಅಳೆಯಿರಿ. ಎ (ಮುಖ್ಯ ಬೋರ್ಡ್), ಬಿ (ಗೇಮ್ ಇರುವ ಬೋರ್ಡ್) ಬೋರ್ಡ್‌ಗಳನ್ನು ಬಿಚ್ಚಿ ಮತ್ತೆ ಗಟ್ಟಿಯಾಗಿ ಕೂರಿಸಿ. ಬ್ಯಾಟರಿಯ ಪ್ಲಸ್, ಮೈನಸ್ ಕೂಡ ನೋಡಿ.

ಪ್ರಶ್ನೆ ಕೇಳಿದವರು: ವೋಲ್ಟೇಜ್ ಸರಿ ಇದೆ, ಮತ್ತೆ ಕೂರಿಸಿದರೂ ಅದೇ ಬಣ್ಣ.

ಉತ್ತರ 1: ಹಾಗಾದರೆ ಆರ್ಡುಯಿನೋ ಎಂಬ ಪುಟ್ಟ ಪ್ರೋಗ್ರಾಂ ಮಾಡಬಹುದಾದ ಬೋರ್ಡಿನಿಂದ ಕೀ ಮತ್ತೆ ಬರೆಯಬಹುದು. ಪ್ರತಿ ಗೇಮಿಗೂ ಕೀ ಬೇರೆ, ಪ್ರಾಂತ್ಯದ ಆವೃತ್ತಿಯನ್ನೂ ಸರಿಯಾಗಿ ನೋಡಿಕೊಳ್ಳಿ. ಫೀನಿಕ್ಸ್ ರೋಮ್ (ಗೂಢಲಿಪಿ ಬಿಡಿಸಿದ ಗೇಮ್ ಪ್ರೋಗ್ರಾಂ) ಹಾಕಿದರೆ ಬ್ಯಾಟರಿಯೇ ಬೇಡ, ಆದರೆ ಮೂಲ ಚಿಪ್‌ಗಳನ್ನು ತೆಗೆಯಬೇಕಾಗುತ್ತದೆ. ನಾನಂತೂ ಕೀ ಬರೆಯುವುದನ್ನೇ ಹೇಳುತ್ತೇನೆ.