ವಕೀಲರನ್ನು ಕೇಳಿ: ಕಾಮಿಕ್ಸ್ ಬಿಡಿಸುವವರಿಗೆ ಬರುವ ಬೆದರಿಕೆ

ಅಡ್ಮಿನ್: ಮಂಗಳೂರಿನ ವಕೀಲರೊಬ್ಬರು ರಾತ್ರಿ 8ರಿಂದ 10ರ ತನಕ ಗುಂಪಿನಲ್ಲಿ ಇರ್ತಾರೆ. ಕಾರ್ಟೂನ್, ಕಾಮಿಕ್ಸ್ ಹಾಕಿ ಬೈಗುಳ ತಿಂದವರು ಮೇಡಮ್ಮನ್ನು ಕೇಳಿ. ದಯವಿಟ್ಟು ಫಾರ್ವರ್ಡ್ ಬೇಡ.

ಕಟಪಾಡಿ: ಮೇಡಂ ನಮಸ್ಕಾರ. ಫೇಕ್ ಐಡಿಯಿಂದ ಬೈತಾರೆ. ಐಟಿ ಕಾಯ್ದೆಯ 66ಎ ಸೆಕ್ಷನ್ ಹಾಕಬಹುದಾ?

ವಕೀಲರು: ನಮಸ್ಕಾರ. ಆಗುವುದಿಲ್ಲ. 66ಎಯನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. ಬೈಗುಳದ ಸ್ಕ್ರೀನ್‌ಶಾಟ್ ಕಳಿಸಿ, ಯಾವ ಸೆಕ್ಷನ್ ಕೂಡುತ್ತದೆ ಹೇಳ್ತೇನೆ.

ಮಣಿಪಾಲ: ಮೇಡಂ, ದೈವದ ಕೋಲದ ನಡುವೆ ಮೊಬೈಲ್ ಎತ್ತಿ ನಿಲ್ಲುವವರ ಬಗ್ಗೆ ನಾಲ್ಕು ಚೌಕದ ಕಾಮಿಕ್ಸ್ ಹಾಕಿದ್ದೆ. ಯಾರೋ ಮೂರನೇ ಚೌಕ ಮಾತ್ರ ಕತ್ತರಿಸಿ, ದೈವಕ್ಕೆ ಅವಮಾನ ಅಂತ ಹರಡಿದರು. ನನ್ನ ಸ್ಕೂಟರ್ ನಂಬರ್, ನಾನು ಡ್ರಾಯಿಂಗ್ ಕಲಿಸುವ ಜಾಗ ಎರಡೂ ಕಮೆಂಟಲ್ಲಿ ಬಂತು. ಎಂಥೆಂಥ ಕೊಳಕು ಮಾತು ಅಂತ ಇಲ್ಲಿ ಬರೆಯಲಿಕ್ಕಾಗುವುದಿಲ್ಲ. ನಿನ್ನೆ ಬೈಕಲ್ಲಿ ಇಬ್ಬರು ಬಂದು ವಾಚ್‌ಮನ್ ಹತ್ತಿರ ನಾನು ಎಷ್ಟು ಗಂಟೆಗೆ ಬರ್ತೇನೆ ಅಂತ ಕೇಳಿದ್ರಂತೆ.

ವಕೀಲರು: ಉಳಿದವರು ಸ್ವಲ್ಪ ನಿಲ್ಲಿ. ಬೈದದ್ದು ಬೇರೆ, ಗೇಟಿಗೆ ಬಂದದ್ದು ಬೇರೆ. ಬರೀ "ಬೆದರಿಕೆ" ಅಂತ ಬರೆದು ಕೊಟ್ಟರೆ ಅದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 351, ಅಸಂಜ್ಞೇಯ. ಠಾಣೆಯಲ್ಲಿ ಎನ್‌ಸಿಆರ್ (ಅಸಂಜ್ಞೇಯ ವರದಿ) ಬರೆದು ಮನೆಗೆ ಕಳಿಸ್ತಾರೆ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆ ಇಲ್ಲ. ಅದೇ ಆಚೆಯವ ನಿಮ್ಮ ಮೇಲೆ 299 (ಧಾರ್ಮಿಕ ಭಾವನೆಗೆ ಧಕ್ಕೆ) ಅಂತ ದೂರು ಕೊಟ್ಟರೆ ಅದು ಸಂಜ್ಞೇಯ, ಅಂದರೆ ಪೊಲೀಸರು ವಾರಂಟ್ ಇಲ್ಲದೆಯೇ ಹಿಡಿಯಬಹುದು, ಜಾಮೀನುರಹಿತ ಕೂಡ. ಕೊಲ್ತೇನೆ ಅಂದವನಿಗಿಂತ ಚಿತ್ರ ಬಿಡಿಸಿದವಳನ್ನು ಹಿಡಿಯುವುದು ಸುಲಭ. ನನಗೆ ಹೆದರಿಕೆ ಇದೇ.

ಹಾಗಾಗಿ ದೂರು ನೀವೇ ಮೊದಲು ಕೊಡಿ, ನಾಳೆಗೆ ಇಡಬೇಡಿ. ಹೆಣ್ಣೆಂದು ಆಡಿದ ಹೊಲಸು ಮಾತು 79ಕ್ಕೆ ಬರುತ್ತದೆ, ನಿಮ್ಮ ಖಾತೆಯ ಮೇಲೆ ಕಣ್ಣಿಟ್ಟು ಹಿಂದೆ ಬಿದ್ದದ್ದು 78ಕ್ಕೆ. ಎರಡೂ ಸಂಜ್ಞೇಯ. ಒಂದು ಸೇರಿದರೂ ಇಡೀ ಪ್ರಕರಣ ಸಂಜ್ಞೇಯವೇ ಆಗುತ್ತದೆ. ವಾಚ್‌ಮನ್ ಕೇಳಿಸಿಕೊಂಡದ್ದನ್ನು ಅವರ ಮಾತಲ್ಲೇ ಬರೆಯಿರಿ. ನಮ್ಮ ವ್ಯಾಪ್ತಿ ಅಲ್ಲ ಅಂದರೆ ಝೀರೋ ಎಫ್‌ಐಆರ್ (ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವುದು) ಕೇಳಿ.

299ಕ್ಕೆ ಬೇಕೆಂದೇ, ದುರುದ್ದೇಶದಿಂದ ಮಾಡಿದ್ದು ಅಂತ ಸಾಬೀತಾಗಬೇಕು. ನಿಮ್ಮ ನಾಲ್ಕೂ ಚೌಕ ಇರುವ ಮೂಲ ಫೈಲೇ ಅದಕ್ಕೆ ಉತ್ತರ. ಪೋಸ್ಟ್ ಮರೆ ಮಾಡಿ, ಅಳಿಸಬೇಡಿ. ಫೋನ್ ರಿಸೆಟ್ ಮಾಡಬೇಡಿ, ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಡಿಜಿಟಲ್ ಸಾಕ್ಷ್ಯದ ಪ್ರಮಾಣಪತ್ರ ಬೇಕಾಗ್ತದೆ. ಕ್ಷಮೆಯ ವಿಡಿಯೋ ಮಾಡು ಅಂತ ಯಾರಾದರೂ ಒತ್ತಾಯಿಸಿದರೆ ಮೊದಲು ನನಗೆ ಫೋನ್ ಮಾಡಿ. ಈ ವಾರ ಒಬ್ಬರೇ ಬರಬೇಡಿ. ಮತ್ತೆ ಯಾರಾದರೂ ಬಂದರೆ 112.

ಪುತ್ತೂರು: *ಫಾರ್ವರ್ಡ್* ಈ ಸಾಲುಗಳನ್ನು ನಿಮ್ಮ ವಾಲಿಗೆ ಹಾಕಿದರೆ ಕಾನೂನು ಪ್ರಕಾರ ನಿಮ್ಮ ಚಿತ್ರವನ್ನು ಯಾರೂ ಮುಟ್ಟುವಂತಿಲ್ಲ...

ವಕೀಲರು: ಮೂರು ಕಾಸಿನ ಬೆಲೆ ಇಲ್ಲ ಇದಕ್ಕೆ. ಅಡ್ಮಿನ್, ತೆಗೀರಿ.

ಬಂಟ್ವಾಳ: ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರೆ ಆಗ್ತದಲ್ಲ?

ವಕೀಲರು: ಅದು ಹಣ ಕಳಕೊಂಡವರಿಗೆ.

ಸುರತ್ಕಲ್: ಎಂತದೇ ಹೇಳಿ ಮಾರಾಯ್ರೆ, ಕೋಲದ ವಿಷಯಕ್ಕೆ ಕೈ ಹಾಕಿದ್ದೇ ತಪ್ಪು. ದೈವ ಕಾಮಿಕ್ಸಿಗಾ?

ಕಾರ್ಕಳ: ನಾಲ್ಕೂ ಚೌಕ ನೋಡಿದ್ರಾ? ಗೇಲಿ ಮಾಡಿದ್ದು ಮೊಬೈಲ್ ಎತ್ತಿದವರನ್ನು. ನಮ್ಮ ಊರಲ್ಲಿ ಬೋರ್ಡೇ ಹಾಕಿದ್ದಾರೆ, ವಿಡಿಯೋ ಮಾಡಬಾರದು ಅಂತ.

ಸುರತ್ಕಲ್: ಬೋರ್ಡ್ ಬೇರೆ, ಕಾರ್ಟೂನ್ ಬೇರೆ.

ಕಾರ್ಕಳ: ನೀವೇ ಮೊನ್ನೆ ಕೋಲದ ವಿಡಿಯೋ ಸ್ಟೇಟಸ್ ಹಾಕಿದ್ರಲ್ಲ!

ಸುರತ್ಕಲ್: ಅದು ನಮ್ಮ ಕುಟುಂಬದ ಕೋಲ. ನಿಮಗೆ ಎಂತ?

ಕುಂದಾಪುರ: ಮೇಡಂ, ಮಗನಿಗೆ 14 ವರ್ಷ. ಅವನ ಚಿತ್ರಕ್ಕೆ ದೊಡ್ಡವರೇ ಕೆಟ್ಟದಾಗಿ ಬರೀತಾರೆ. ದೂರು ಅವನ ಹೆಸರಲ್ಲಾ, ನನ್ನ ಹೆಸರಲ್ಲಾ?

ಕಾರ್ಕಳ: ಕುಟುಂಬದ ದೈವಕ್ಕೆ ಮೊಬೈಲ್ ಆಗ್ತದಾ ಹಾಗಾದ್ರೆ?

ಸುರತ್ಕಲ್: ಬಾಯಿ ಹಿಡ್ಕೊಂಡು ಮಾತಾಡಿ.

ಅಡ್ಮಿನ್: ಇಬ್ರೂ ನಿಲ್ಲಿಸಿ.

ಉಳ್ಳಾಲ: 66ಎ ಈಗಲೂ ಉಂಟು ಅಂತ ನಮ್ಮ ಭಾವ ಹೇಳಿದ್ರು?

ವಕೀಲರು: ಮೇಲೆ ಓದಿ. ಭಾವನಿಗೂ ಓದಿಸಿ.

ಮಣಿಪಾಲ: ಮೇಡಂ, ಅಣ್ಣನ ಜೊತೆ ಠಾಣೆಗೆ ಹೊರಟೆವು. ಸಿಸಿಟಿವಿ ನೋಡುವ ಅಂತ ಕೇಳಿದರೆ, ಗೇಟಿನ ಕ್ಯಾಮೆರಾ ಹಾಳಾಗಿ ಮೂರು ತಿಂಗಳಾಯ್ತಂತೆ.

ವಕೀಲರು: ಎದುರು ಅಂಗಡಿ ಯಾವುದುಂಟು?

ಮಣಿಪಾಲ: ಬೇಕರಿ.

ವಕೀಲರು: ಬಾಗಿಲು ಹಾಕುವ ಮೊದಲು ಅಲ್ಲಿಗೆ ಹೋಗಿ. ನಿನ್ನೆಯದ್ದು ಅಳಿಸಬೇಡಿ ಅಂತ ಹೇಳಿ ಠಾಣೆಗೆ ಹೋಗಿ. ದೂರಿಗೆ ಸ್ವೀಕೃತಿ ತಗೊಳ್ಳದೆ ಹೊರಗೆ ಬರಬೇಡಿ.