ಎಣ್ಣೆ ಮಿಲ್ಲಿನ ವ್ಯವಹಾರದಲ್ಲಿ ಪತ್ನಿಯನ್ನು ಪಾಲುದಾರರನ್ನಾಗಿ ಸೇರಿಸಿದರೆ ತೆರಿಗೆ ಹೇಗೆ?

ಪ್ರಶ್ನೆ (ಬದಿಯಡ್ಕ)

ನಮಸ್ಕಾರ. ಬದಿಯಡ್ಕದ ಬಳಿ ನಾನೂ ನನ್ನ ಪತ್ನಿಯೂ ಹನ್ನೊಂದು ವರ್ಷಗಳಿಂದ ತೆಂಗಿನೆಣ್ಣೆಯ ಮಿಲ್ಲು ನಡೆಸುತ್ತಿದ್ದೇವೆ. ಕಾಗದಪತ್ರಗಳಲ್ಲಿ ಮಾಲೀಕ ನಾನೊಬ್ಬನೇ. ಆದರೆ ಕೊಬ್ಬರಿ ಬಂದಾಗ ಹೋಳು ಮುರಿದು, ಒಣಗಿದ್ದು ಸಾಕೋ ಎಂದು ನೋಡಿ ದರ ಕಟ್ಟುವವಳು ಅವಳು. ಲೆಕ್ಕದ ಪುಸ್ತಕವೂ ಅವಳ ಕೈಯಲ್ಲೇ ಇದೆ. ಯಂತ್ರ ಬದಲಾಯಿಸುವಾಗ ತವರಿನ ತೋಟದ ಪಾಲಿನಿಂದ ಬಂದ 4 ಲಕ್ಷ ರೂಪಾಯಿಯನ್ನು ಅವಳೇ ಹಾಕಿದಳು, ಅದು ಯಾವ ದಾಖಲೆಯಲ್ಲೂ ಇಲ್ಲ. ವಹಿವಾಟು ವರ್ಷಕ್ಕೆ ಸುಮಾರು 60 ಲಕ್ಷ, ಲಾಭ 7 ಲಕ್ಷ. ಗಡಿಯಾಚೆ ಕರ್ನಾಟಕದ ವಿಟ್ಲ, ಪುತ್ತೂರಿನ ಅಂಗಡಿಗಳಿಗೂ ಎಣ್ಣೆ ಹೋಗುತ್ತದೆ. ಬೇರೆ ಆದಾಯವಿಲ್ಲ. ಅವಳಿಗೆ ಸಂಬಳ ಕೊಡುವುದೋ, ಪಾಲುದಾರಿಕೆ ಸಂಸ್ಥೆ ಮಾಡುವುದೋ, ತಿಳಿದವರು ಹೇಳಬೇಕು.

ಉತ್ತರ 1 (ತೆರಿಗೆ ಸಲಹೆಗಾರ, ಕಾಸರಗೋಡು)

ತೆರಿಗೆ ಉಳಿಸುವುದಕ್ಕಾಗಿ ಎಂದಾದರೆ ಈಗ ಏನನ್ನೂ ಬದಲಾಯಿಸಬೇಕಾಗಿಲ್ಲ. 2025–26ರ ಹಣಕಾಸು ವರ್ಷದಿಂದ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ರಿಯಾಯಿತಿ ಕಳೆದ ಮೇಲೆ ತೆರಿಗೆ ಸೊನ್ನೆ. ಪಾಲುದಾರಿಕೆ ಸಂಸ್ಥೆಗಾದರೋ ಮೊದಲ ರೂಪಾಯಿಯಿಂದಲೇ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್. ಪುಸ್ತಕ ಸರಿಯಾಗಿ ಬರೆದು ಇಬ್ಬರಿಗೂ ಸಂಬಳ ತೋರಿಸಿದರೆ, ಮೊದಲ 6 ಲಕ್ಷ ಲಾಭದ ಶೇ. 90 ಮತ್ತು ಉಳಿದದ್ದರ ಶೇ. 60ರ ಮಿತಿಯಲ್ಲಿ ಒಟ್ಟು 6 ಲಕ್ಷ ಕಳೆಯಬಹುದು. ಉಳಿದ 1 ಲಕ್ಷಕ್ಕೆ 31,200 ರೂಪಾಯಿ ಕಟ್ಟಬೇಕು. ವಹಿವಾಟಿನ ಕನಿಷ್ಠ ಶೇ. 6 ಅಥವಾ 8ನ್ನು ಲಾಭವೆಂದು ಘೋಷಿಸುವ ಅಂದಾಜು ಲಾಭದ ಪದ್ಧತಿಯನ್ನು ಸಂಸ್ಥೆಯೂ ಹಿಡಿಯಬಹುದು, ಆದರೆ ಅಲ್ಲಿ ಪಾಲುದಾರರ ಸಂಬಳ ಕಳೆಯಲು ಬರುವುದಿಲ್ಲ. 7 ಲಕ್ಷವನ್ನೇ ಘೋಷಿಸಿದರೆ ತೆರಿಗೆ 2,18,400.

ಈಗಿನ ಸ್ಥಿತಿಯಲ್ಲೇ ಸಂಬಳ ಕೊಟ್ಟರೆ, ಪತ್ನಿಗೆ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಇದ್ದು ಆ ಜ್ಞಾನದಿಂದಲೇ ಗಳಿಸಿದ್ದೆಂದು ತೋರಿಸಲಾಗದಿದ್ದಲ್ಲಿ, ಆ ಹಣ ಮತ್ತೆ ನಿಮ್ಮ ಆದಾಯಕ್ಕೇ ಸೇರುತ್ತದೆ. ಅರ್ಹತೆಗೆ ಪದವಿಯೇ ಬೇಕೆಂದಿಲ್ಲ ಎಂದು ಆಂಧ್ರಪ್ರದೇಶ ಹೈಕೋರ್ಟ್ 1985ರಲ್ಲಿ ಹೇಳಿದೆ. ಆದರೂ ಅಧಿಕಾರಿಯ ಮುಂದೆ ವಾದಿಸಬೇಕಾದವರು ನೀವೇ.

ಉತ್ತರ 2 (ಮಂಜೇಶ್ವರ)

ಲೆಕ್ಕ ಸರಿ ಇರಬಹುದು, ಆದರೆ ನನ್ನ ಅನುಭವವನ್ನೂ ಓದಿ. ನಮ್ಮ ಅಕ್ಕಿ ಗಿರಣಿ ನನ್ನ ಯಜಮಾನರ ಹೆಸರಿನಲ್ಲಿತ್ತು. ಅವರು ತೀರಿಕೊಂಡ ಮರುವಾರ ಬ್ಯಾಂಕಿಗೆ ಹೋದರೆ ಖಾತೆ ನಿಂತಿತ್ತು, ಆಹಾರ ಪರವಾನಗಿಯೂ ಜಿಎಸ್‌ಟಿಯೂ ಅವರ ಹೆಸರಿನಲ್ಲೇ ಇದ್ದವು. ಇಪ್ಪತ್ತು ವರ್ಷ ಚೀಲ ತೂಗಿ ಬಿಲ್ಲು ಬರೆದ ನಾನು ಅಲ್ಲಿ ಯಾರೂ ಅಲ್ಲ ಎಂಬಂತಾಯಿತು. ಸ್ವಲ್ಪ ತೆರಿಗೆ ಹೋದರೂ ಅವರ ಹೆಸರನ್ನು ದಯವಿಟ್ಟು ಸೇರಿಸಿ.

ಉತ್ತರ 3 (ತೆರಿಗೆ ಸಲಹೆಗಾರ, ಕಾಸರಗೋಡು)

ಅಕ್ಕಾ, ನಿಮ್ಮ ಮಾತು ನನ್ನ ಲೆಕ್ಕಕ್ಕಿಂತ ಮುಖ್ಯವಾದುದು. ಆದರೆ ಇಬ್ಬರೇ ಪಾಲುದಾರರಿರುವ ಸಂಸ್ಥೆಯೂ ಒಬ್ಬರು ತೀರಿಕೊಂಡರೆ ಅಲ್ಲಿಗೇ ವಿಸರ್ಜನೆಯಾಗುತ್ತದೆ. ಪ್ರಾಯಕ್ಕೆ ಬಂದ ಮಗನೋ ಮಗಳೋ ಮೂರನೆಯವರಾಗಿದ್ದು, ಉಳಿದವರು ಮುಂದುವರಿಸಬಹುದೆಂದು ಕರಾರಿನಲ್ಲಿ ಬರೆದಿದ್ದರೆ ಮಾತ್ರ ಸಂಸ್ಥೆ ಉಳಿಯುತ್ತದೆ. ಸಂಸ್ಥೆ ಮಾಡಿದರೆ ಹೊಸ ಪಾನ್, ಹೊಸ ಜಿಎಸ್‌ಟಿ ಸಂಖ್ಯೆ ಬೇಕು. ರಾಜ್ಯದ ಗಡಿ ದಾಟಿ ಮಾರುವವರಾದುದರಿಂದ ಆ ಸಂಖ್ಯೆ ಕೈಗೆ ಬರುವ ಮೊದಲು ಹೊಸ ಹೆಸರಿನಲ್ಲಿ ಒಂದು ಡಬ್ಬಿಯೂ ವಿಟ್ಲಕ್ಕೆ ಹೋಗಬಾರದು. ಪಾಲುದಾರರಿಗೆ ವರ್ಷಕ್ಕೆ 20,000 ಮೀರಿ ಸಂಬಳ, ಬಡ್ಡಿ ಕೊಟ್ಟರೆ ಶೇ. 10 ಮೂಲದಲ್ಲೇ ಕಡಿತಗೊಳಿಸುವ ನಿಯಮವೂ 2025ರ ಏಪ್ರಿಲ್‌ನಿಂದ ಇದೆ.

ಆ 4 ಲಕ್ಷಕ್ಕೆ ಮಾತ್ರ ತಡ ಮಾಡಬೇಡಿ. ಅದು ಅವರ ಸ್ವಂತ ಹಣವಾದುದರಿಂದ, ಬಂದ ದಾರಿಯ ದಾಖಲೆಗಳೊಂದಿಗೆ ಪತ್ನಿಯವರು ಕೊಟ್ಟ ಸಾಲವೆಂದು ಪತ್ರ ಬರೆದು ಪುಸ್ತಕಕ್ಕೆ ಹತ್ತಿಸಿ. ಬಡ್ಡಿಯನ್ನು ಅವರ ಖಾತೆಗೇ ಹಾಕಿದರೆ ಅದು ಅವರದೇ ಆದಾಯ, ನಿಮ್ಮದಕ್ಕೆ ಸೇರದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಪಾಸ್‌ಬುಕ್ಕಿನಲ್ಲಿ ಆ ಹಣ ಬಂದ ಪುಟವನ್ನು ಅವಳು ಈಗಷ್ಟೇ ಹುಡುಕಿ ತೆಗೆದಳು. ಸಾಲದ ಪತ್ರವನ್ನು ಈ ವಾರವೇ ಬರೆಸುತ್ತೇನೆ. ಮಗಳಿಗೆ ಬರುವ ಮೇ ತಿಂಗಳಲ್ಲಿ ಹದಿನೆಂಟು ತುಂಬುತ್ತದೆ, ಪಾಲುದಾರಿಕೆಯ ಕರಾರನ್ನು ಆಮೇಲೆ ಮೂವರ ಹೆಸರಿನಲ್ಲೇ ಮಾಡೋಣ ಎಂದು ಪತ್ನಿಯ ಅಭಿಪ್ರಾಯ.