ಒಂದೇ ಹಿಡಿತ, ಎರಡು ಹೆಸರು: ಸ್ವಂತ ಹಾಡಿನ ಗಿಟಾರ್ ಕಾರ್ಡ್ ಬರೆದಿಡುವುದು ಹೇಗೆ?

ಮಲೆಗಾಳಿ:
ನಮಸ್ಕಾರ. ನಾನೇ ಬರೆದು ರಾಗ ಹಾಕಿದ ಹಾಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಗಿಟಾರ್ ಕಲಿತದ್ದು ಕೇಳಿ ಕೇಳಿಯೇ. ಎಲ್ಲಿ ಇಂಪೆನಿಸುತ್ತದೋ ಅಲ್ಲಿ ಬೆರಳು ನಿಲ್ಲುತ್ತದೆ. ಮುಂದಿನ ತಿಂಗಳು ಗೆಳೆಯರಿಬ್ಬರು ಕೀಬೋರ್ಡ್ ಮತ್ತು ಬೇಸ್ ನುಡಿಸಲು ಬರುತ್ತಾರೆ. ಅವರ ಕೈಗೆ ಏನು ಬರೆದುಕೊಡಲಿ?

ಚರಣ ಇ ಮೈನರ್‌ನಿಂದ ಶುರು. ಆಮೇಲೆ ಮಾಮೂಲಿ ಸಿ ಕಾರ್ಡಿನ (ಒಟ್ಟಿಗೆ ಮೊಳಗುವ ಸ್ವರಗುಚ್ಛದ) ಹಿಡಿತವನ್ನು ಹಾಗೆಯೇ ಎರಡು ಫ್ರೆಟ್ (ಗಿಟಾರಿನ ಮೆಟ್ಟು) ಮೇಲಕ್ಕೆ ಜರುಗಿಸುತ್ತೇನೆ. 3ನೇ ಮತ್ತು 1ನೇ ತಂತಿ ಓಪನ್. ದಪ್ಪ ತಂತಿಯಿಂದ ಫ್ರೆಟ್ ಸಂಖ್ಯೆ ಬರೆದರೆ × 5 4 0 3 0 (× ಎಂದರೆ ನುಡಿಸದ ತಂತಿ, 0 ಎಂದರೆ ಓಪನ್). ಅಲ್ಲಿಂದ ಸಿ ಆಡ್ 9 (ಒಂಬತ್ತನೆಯ ಸ್ವರ ಸೇರಿಸಿದ ಸಿ), ಅಂದರೆ × 3 2 0 3 0. ಪಲ್ಲವಿಯಲ್ಲಿ ಆ × 5 4 0 3 0 ಹಿಡಿತದಿಂದ ನೇರವಾಗಿ ಜಿ ಮೇಜರ್‌ಗೆ ಬಂದು ಇಳಿಯುತ್ತೇನೆ. ಮೊಬೈಲ್ ಆ್ಯಪ್ ಒಂದು ಈ ಹಿಡಿತವನ್ನು ‘ಡಿ ಆಡ್ 9 ಆಡ್ 11’ ಎನ್ನುತ್ತದೆ, ಇನ್ನೊಂದು ‘ಇ ಮೈನರ್ 9 / ಡಿ’ (ಓರೆಗೆರೆಯ ನಂತರದ್ದು ಬೇಸ್ ಸ್ವರ) ಎನ್ನುತ್ತದೆ. ಯಾವುದು ಸರಿ?

ಕೇಪೋಪ್ರಿಯ:
ಹೆಸರಿನ ಗೊಡವೆ ಯಾಕೆ? ಫ್ರೆಟ್ ಸಂಖ್ಯೆ ಬರೆದಿಡಿ, ಸಾಕು. ಹತ್ತು ವರ್ಷ ಬಿಟ್ಟು ತೆಗೆದರೂ ಅದೇ ನಾದ ಬರುತ್ತದೆ.

ಮೇಳ36:
ನಿಮ್ಮ ನೋಟ್‌ಬುಕ್ಕಿಗೆ ಆ ಮಾತು ಸರಿ. ಕೀಬೋರ್ಡಿಗೆ ಫ್ರೆಟ್ ಇಲ್ಲವಲ್ಲ! ಅವರಿಗೆ ಸ್ವರಗಳು ಬೇಕು. ಅವನ್ನು ಒಂದೊಂದಾಗಿ ಬರೆದುಕೊಳ್ಳೋಣ. 5ನೇ ತಂತಿಯ 5ನೇ ಫ್ರೆಟ್ ಡಿ. 4ನೇ ತಂತಿಯ 4ನೇ ಫ್ರೆಟ್ ಎಫ್ ಶಾರ್ಪ್. 3ನೇ ತಂತಿ ಓಪನ್, ಜಿ. 2ನೇ ತಂತಿಯ 3ನೇ ಫ್ರೆಟ್ ಮತ್ತೆ ಡಿ. 1ನೇ ತಂತಿ ಓಪನ್, ಇ. ಒಟ್ಟು ನಾಲ್ಕೇ ಸ್ವರ: ಡಿ, ಇ, ಎಫ್ ಶಾರ್ಪ್, ಜಿ.

ಈಗ 4ನೇ ಮತ್ತು 3ನೇ ತಂತಿಗಳನ್ನು ಮಾತ್ರ ಮೀಟಿ, ಅಳಿಯುವವರೆಗೂ ಕೇಳಿ. ಎಫ್ ಶಾರ್ಪ್ ಮತ್ತು ಜಿ ಅಕ್ಕಪಕ್ಕದ ಸ್ವರಸ್ಥಾನಗಳು, ಒಂದಕ್ಕೊಂದು ಉಜ್ಜಿಕೊಂಡೇ ನಿಲ್ಲುತ್ತವೆ. ನಿಮ್ಮ ಕಿವಿಗೆ ಹಿಡಿಸಿದ್ದು ಆ ಉಜ್ಜಾಟವೇ ಎಂದು ನನಗೆ ಖಾತ್ರಿ. ಕೀಬೋರ್ಡಿನವರು ಆ ಜಿಯನ್ನು ಒಂದು ಸ್ಥಾಯಿ ಮೇಲಕ್ಕೆ ಒಯ್ದರೆ ಕಾರ್ಡಿನ ಹೆಸರು ಉಳಿಯುತ್ತದೆ, ಜೀವ ಹೋಗುತ್ತದೆ.

ಇನ್ನು ಈ ಹಿಡಿತದಲ್ಲಿ ಇಲ್ಲದ ಸ್ವರಗಳನ್ನು ನೋಡಿ. ಡಿಗೆ ಪಂಚಮವಾದ ಎ ಇಲ್ಲ. ಇಗೆ ಪಂಚಮವಾದ ಬಿ ಕೂಡ ಇಲ್ಲ. ಆ್ಯಪ್‌ಗಳು ಒಮ್ಮತಕ್ಕೆ ಬರದಿರುವುದು ಇದರಿಂದಲೇ. ಆ ಜಾಗದಲ್ಲಿ ನೀವು ಹಾಡುವ ಸ್ವರ ಯಾವುದು? ಚರಣ, ಪಲ್ಲವಿ ಎರಡನ್ನೂ ಹೇಳಿ.

ಮಲೆಗಾಳಿ:
ಈಗಷ್ಟೇ ಗಿಟಾರ್ ಹಿಡಿದು ನೋಡಿದೆ. ಚರಣದಲ್ಲಿ ಉದ್ದಕ್ಕೆ ಎಳೆಯುವ ಸ್ವರ ಬಿ. ಪಲ್ಲವಿಯಲ್ಲಿ ಎ, ಅಲ್ಲಿಂದ ಜಿಗೆ ಇಳಿಯುತ್ತದೆ. ಹೇಳುವುದು ಬಿಟ್ಟಿದ್ದೆ, 2ನೇ ಫ್ರೆಟ್‌ನಲ್ಲಿ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಅದುಮುವ ಕ್ಲಿಪ್ಪು) ಇದೆ. ಮೇಲಿನ ಹೆಸರುಗಳೆಲ್ಲ ಕೇಪೋದಿಂದ ಎಣಿಸಿದವು.

ಮೇಳ36:
ಗಿಟಾರ್ ಬಿಟ್ಟುಕೊಟ್ಟದ್ದನ್ನು ನಿಮ್ಮ ಕಂಠ ತುಂಬುತ್ತಿದೆ. ಎಷ್ಟು ಚೆನ್ನಾಗಿದೆ!

ಚರಣದಲ್ಲಿ ಬಿ ಸೇರಿದಾಗ ಇ, ಜಿ, ಬಿ, ಡಿ, ಎಫ್ ಶಾರ್ಪ್. ಪೂರ್ತಿ ಇ ಮೈನರ್ 9. ಹಿಂದೆ ಇ ಮೈನರ್ ಇದೆ, ಮುಂದೆ ಸಿ ಇದೆ, ಕೆಳಗೆ ಬೇಸ್ ಇ, ಡಿ, ಸಿ ಎಂದು ಮೆಟ್ಟಿಲಿಳಿಯುತ್ತದೆ. ಅಲ್ಲಿ ‘ಇ ಮೈನರ್ 9 / ಡಿ’ ಎಂದೇ ಬರೆಯಿರಿ. ಪಲ್ಲವಿಯಲ್ಲಿ ಎ ಸೇರಿದಾಗ ಡಿ, ಎಫ್ ಶಾರ್ಪ್, ಎ ಕೂಡಿ ಡಿ ಮೇಜರ್ ನಿಲ್ಲುತ್ತದೆ, ಜಿಯತ್ತ ವಾಲುತ್ತದೆ. ಅಲ್ಲಿ ಅದು ಡಿ. ಎಫ್ ಶಾರ್ಪ್ ಬಿಟ್ಟುಹೋಗಿ ಅದರ ಜಾಗಕ್ಕೆ ಜಿ ಬಂದಿದ್ದರೆ ಸಸ್ 4 ಎನ್ನಬಹುದಿತ್ತು. ಎರಡೂ ಇರುವುದರಿಂದ ಆಡ್. ನಾನಾದರೆ 11ರ ಬದಲು ‘ಡಿ ಆಡ್ 4 ಆಡ್ 9’ ಎಂದು ಬರೆಯುತ್ತೇನೆ. ಎರಡೂ ಜಿಯೇ, 11 ಎಂದರೆ ಒಂದು ಸ್ಥಾಯಿ ಮೇಲಿನದು; 4 ಎಂದರೆ ಎಫ್ ಶಾರ್ಪ್‌ನ ಮಗ್ಗುಲಲ್ಲೇ ಇರಲಿ ಎಂಬ ಸೂಚನೆ ಸಿಗುತ್ತದೆ.

ನಾನು ವೀಣೆಯಿಂದ ಗಿಟಾರಿಗೆ ಬಂದವಳು, ಹಾಗಾಗಿ ನನಗಿದು ಗ್ರಹಭೇದವಾಗಿಯೇ ಕೇಳಿಸುತ್ತದೆ. ಡಿಯನ್ನು ಷಡ್ಜವಾಗಿಸಿದರೆ ನಿಮ್ಮ ನಾಲ್ಕು ಸ್ವರಗಳು ಸ, ರಿ2, ಗ3, ಮ1 (ಅಂಕೆ ಆ ಸ್ವರದ ಯಾವ ಪ್ರಭೇದ ಎಂಬುದರ ಗುರುತು). ಇಯನ್ನು ಷಡ್ಜವಾಗಿಸಿದರೆ ಅವೇ ನಿ2, ಸ, ರಿ2, ಗ2. ತಂತಿಗಳು ಅವೇ, ಷಡ್ಜ ಕದಲಿತು ಅಷ್ಟೇ. ‘ಒಂದು ನಾದಕ್ಕೆ ಒಂದೇ ಹೆಸರಿರಬೇಕು’ ಎಂದು ಹಟ ಹಿಡಿಯುವವರಿಗೆ ನಾನು ನಾಟ ರಾಗವನ್ನು ತೋರಿಸುತ್ತೇನೆ. ಅಲ್ಲಿ ಸಾಧಾರಣ ಗಾಂಧಾರದ (ಗ2) ಸ್ಥಾನವನ್ನೇ ನುಡಿಸಿ ಷಟ್‌ಶ್ರುತಿ ರಿಷಭ (ರಿ3) ಎನ್ನುತ್ತೇವೆ, ಏಕೆಂದರೆ ಗಾಂಧಾರದ ಪೀಠದಲ್ಲಿ ಅಂತರ ಗಾಂಧಾರ (ಗ3) ಆಗಲೇ ಕೂತಿದೆ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹೆಸರಿನಲ್ಲೇ ಪರಿಚಿತವಾದ ಇ 7 ಶಾರ್ಪ್ 9 ಕಾರ್ಡಿನಲ್ಲೂ (0 7 6 7 8 ×) ಇದೇ ನ್ಯಾಯ. ಜಿ ಶಾರ್ಪ್ ಮೂರನೆಯ ಸ್ವರವಾಗಿ ಇರುವುದರಿಂದ ಮೇಲಿನ ತಂತಿಯ ಜಿ ಏರಿಸಿದ ಒಂಬತ್ತನೆಯದಾಗುತ್ತದೆ. 12 ಸ್ವರಸ್ಥಾನಗಳಿಗೆ 16 ಹೆಸರಿಟ್ಟುಕೊಂಡು ಹಾಡಿದವರು ನಾವು. ಒಂದು ಹಿಡಿತಕ್ಕೆ ಎರಡು ಹೆಸರಿದ್ದರೆ ಗಾಬರಿ ಏಕೆ?

ಕೀಬೋರ್ಡಿನವರ ಹಾಳೆಯಲ್ಲಿ ಮಾತ್ರ ಕೇಪೋ ಲೆಕ್ಕ ಸೇರಿಸಿ (ಪ್ರತಿ ಸ್ವರವೂ ಎರಡು ಸ್ವರಸ್ಥಾನ ಮೇಲೆ), ನಿಜವಾಗಿ ಕೇಳಿಸುವ ಸ್ವರವನ್ನೇ ಬರೆಯಿರಿ. ಚರಣ: ಎಫ್ ಶಾರ್ಪ್ ಮೈನರ್, ಎಫ್ ಶಾರ್ಪ್ ಮೈನರ್ 9 / ಇ, ಡಿ ಆಡ್ 9. ಪಲ್ಲವಿ: ಇ ಆಡ್ 4 ಆಡ್ 9, ಎ.

ದಪ್ಪತಂತಿ:
ನಾನು ಬೇಸ್ ನುಡಿಸುವವನು, ಮೇಲಿನ ಮಾತಿಗೆ ಅರ್ಧ ಒಪ್ಪಿಗೆ. ಚರಣದ ಹೆಸರು ಅಚ್ಚುಕಟ್ಟಾಗಿದೆ. ಓರೆಗೆರೆಯ ಕೆಳಗಿನ ಅಕ್ಷರ ಕಂಡರೆ ಸಾಕು, ನನ್ನ ಕೆಲಸ ಮುಗಿಯಿತು. ಪಲ್ಲವಿಗೆ ಮಾತ್ರ ಅಷ್ಟುದ್ದದ ಹೆಸರು ಬೇಡ. ಹಾಡು ಓಡುತ್ತಿರುವಾಗ ಕಣ್ಣು ಅದನ್ನು ಓದಿ ಮುಗಿಸುವಷ್ಟರಲ್ಲಿ ತಾಳದ ಪೆಟ್ಟು ದಾಟಿರುತ್ತದೆ. ಬೇಸ್ ಹಾಳೆಗೆ ಬರಿಯ ‘ಇ’, ಕೀಬೋರ್ಡ್ ಹಾಳೆಗೆ ‘ಇ’ ಬರೆದು ಪಕ್ಕದಲ್ಲಿ ಸ್ವರಗಳನ್ನು ಕೆಳಗಿನಿಂದ ಮೇಲಕ್ಕೆ: ಇ, ಜಿ ಶಾರ್ಪ್, ಎ, ಇ, ಎಫ್ ಶಾರ್ಪ್. ನನ್ನ ಅನುಭವದಲ್ಲಿ ಅಭ್ಯಾಸದ ಹೊತ್ತು ಉಳಿಸುವುದು ಇದೇ.

ಮೇಳ36:
ಸ್ವರಗಳನ್ನು ಪಕ್ಕದಲ್ಲಿ ಬರೆಯುವುದು ನನಗೂ ಒಪ್ಪಿಗೆ. ಬರಿಯ ‘ಇ’ ಒಪ್ಪಿಗೆಯಿಲ್ಲ. ಹಾಳೆ ಇನ್ನೊಬ್ಬರ ಕೈಗೆ ಹೋದ ದಿನ ಪಕ್ಕದ ಟಿಪ್ಪಣಿಯೇ ಮೊದಲು ಉದುರಿಹೋಗುವುದು.

ಮಲೆಗಾಳಿ:
ಇಬ್ಬರಿಗೂ ವಂದನೆ. ಉದ್ದದ ಹೆಸರನ್ನೂ ಬರೆದು, ಕೆಳಗೆ ಸ್ವರಗಳನ್ನೂ ಹಾಕುತ್ತೇನೆ. ಇನ್ನೊಂದು ಉಳಿದಿದೆ: ಎರಡನೇ ಚರಣಕ್ಕೆ ಮೊದಲು 0 7 7 6 0 0 ನುಡಿಸುತ್ತೇನೆ. ಇ, ಇ, ಎ, ಸಿ ಶಾರ್ಪ್, ಬಿ, ಇ ಎಂದು ಬಿಡಿಸಿಕೊಂಡಿದ್ದೇನೆ. ಅಲ್ಲಿ ಹಾಡುವ ಸ್ವರ ಸಿ ಶಾರ್ಪ್. ಎ ಆಡ್ 9 / ಇ ಎನ್ನಲೇ?

ಮೇಳ36:
ಹೌದು, ಅದೇ. ಏಳನೆಯ ಸ್ವರ ಇಲ್ಲದಿರುವುದರಿಂದ ಬರಿಯ 9 ಅಲ್ಲ, ಆಡ್ 9. ಕೇಪೋ ಸೇರಿಸಿದರೆ ಬಿ ಆಡ್ 9 / ಎಫ್ ಶಾರ್ಪ್.